ಐದನೆಯ ರೀಲು

ನನ್ನ ಎದೆಯ ಎಡಗಡೆಯಲ್ಲಿ ಏಳು ಪಕ್ಕೆಲುಬುಗಳಿಲ್ಲ. ಇಲ್ಲಿ ಬರೆಯಲಿರುವುದರಲ್ಲಿ ನೆನಪಿನ ಹಂಗಿಲ್ಲದೆ ಹೇಳಬಹುದಾದ ಸಂಗತಿ ಇದೊಂದೇ. ಅಂಗಿ ಬಿಚ್ಚಿದರೆ ಯಾರು ಬೇಕಾದರೂ ಎಣಿಸಿಕೊಳ್ಳಬಹುದು. ಉಳಿದದ್ದಕ್ಕೆಲ್ಲ ನನ್ನ ನೆನಪೇ ಸಾಕ್ಷಿ, ಮತ್ತು ಆ ಸಾಕ್ಷಿಯನ್ನು ನಾನು ಪೂರ್ತಿ ನಂಬುವುದಿಲ್ಲ. ದವಾಖಾನೆಯಲ್ಲಿ ನನ್ನದು ಹನ್ನೊಂದನೆಯ ಹಾಸಿಗೆ ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೆ. ಮೊನ್ನೆ ಹಳೆಯ ಟ್ರಂಕಿನಲ್ಲಿ ಬಿಡುಗಡೆಯ ಚೀಟಿ ಸಿಕ್ಕಿತು. ಅದರಲ್ಲಿ ಹದಿನಾಲ್ಕು ಎಂದಿದೆ.

ಟ್ರಂಕು ತೆರೆಯಲು ಕಾರಣ ನಮ್ಮ ಶಾಲೆಯ ಒಬ್ಬ ತರುಣ ಶಿಕ್ಷಕ. ಅವರಿಗೆ ನನಗೆ ಬಂದಿದ್ದ ರೋಗವೇ ಬಂದಿದೆ. ಅವರ ಹೆಂಡತಿ ಮನೆಗೆ ಬಂದು ಬಾಗಿಲ ಹತ್ತಿರವೇ ನಿಂತು, ಸರ್, ನೀವು ಅಲ್ಲಿ ಹೆಂಗ ದಿನಾ ಕಳದ್ರಿ ಎಂದು ಕೇಳಿದರು. ಈಗ ಔಷಧಗಳು ಬಹಳ ಸುಧಾರಿಸಿವೆ, ಪಕ್ಕೆಲುಬು ತೆಗೆಯುವ ಕಾಲ ಮುಗಿಯಿತು ಎಂದೆ. ಅದು ಅವರ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಉತ್ತರ ಇಲ್ಲಿದೆ.

ನಾನು ಧಾರವಾಡದಲ್ಲಿ ತರ್ಕಶಾಸ್ತ್ರ ಓದಿದವನು. ಓದು ಮುಗಿದ ನಾಲ್ಕು ವರ್ಷಗಳಲ್ಲಿ ಮೂರು ನೌಕರಿ ಬಿಟ್ಟು ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದೆ. ದೇವರು, ಜಾತಕ, ಮುಖಂಡರ ಭಾಷಣ, ಯಾವುದನ್ನೂ ಪುರಾವೆ ಇಲ್ಲದೆ ಒಪ್ಪದವನೆಂದು ನನ್ನ ಬಗ್ಗೆ ನನಗೆ ಅಭಿಮಾನವಿತ್ತು. ಆದರೆ ಕೆಮ್ಮಿದಾಗ ಕರವಸ್ತ್ರದಲ್ಲಿ ರಕ್ತ ಕಂಡ ದಿನ ನಾನು ಮಾಡಿದ ಮೊದಲ ಕೆಲಸ ಆ ಪುರಾವೆಯನ್ನು ತೊಳೆದು ಒಣಗಲು ಹಾಕಿದ್ದು. ಹಾಗೆ ಮೂರು ತಿಂಗಳು ತೊಳೆದೆ.

ಎಕ್ಸ್‌ರೇ ತೆಗೆಸಿದ ಕಡೆ ಒಂದು ಉದ್ದನೆಯ ಬೆಂಚು. ಎಲ್ಲರೂ ತಂತಮ್ಮ ಲಕೋಟೆಯನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ಕೂತಿದ್ದರು. ಹಿರೇಹಂದಿಗೋಳದ ಒಬ್ಬ ಅಜ್ಜಿ ತನ್ನ ಮೊಮ್ಮಗನ ಲಕೋಟೆಯನ್ನು ನನ್ನ ಕೈಗೆ ಕೊಟ್ಟು, ಇಂಗ್ಲಿಷ್ ಬಲ್ಲವ ಕಾಣ್ತೀಯಪ್ಪಾ, ಏನಂತ ಬರದಾರ ನೋಡು ಎಂದಳು. ಓದಿದೆ. ಡಾಕ್ಟರು ತಾವೇ ಹೇಳುತ್ತಾರೆ ಎಂದು ತಿರುಗಿಸಿ ಕೊಟ್ಟೆ. ಆಕೆ ನನ್ನ ಮುಖ ನೋಡಿ ಲಕೋಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅರ್ಧ ತಾಸಿನ ಮೇಲೆ ನನ್ನ ಲಕೋಟೆ ಬಂತು. ಅದರಲ್ಲಿಯೂ ಅದೇ ಶಬ್ದವಿತ್ತು.

ಶಿರಹಟ್ಟಿಯ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ. ಅಪ್ಪ ಕರ್ನಾಟಕ ಒಂದಾಗಬೇಕೆಂದು ಇಪ್ಪತ್ತು ವರ್ಷ ಊರೂರು ತಿರುಗಿ ಸಭೆ ಮಾಡಿದವರು, ಮುಚ್ಚುಮರೆ ತಿಳಿಯದ ಮನುಷ್ಯ. ಅವರೇ ಮಂದಿಯ ಮುಂದೆ, ಮಗ ಮುಂದಿನ ಓದಿಗೆ ಪುಣೆಗೆ ಹೋಗುತ್ತಾನೆ ಎಂದು ಹೇಳತೊಡಗಿದರು. ತಂಗಿ ಶಾಂತಾಳ ಲಗ್ನದ ಮಾತು ಗಟ್ಟಿಯಾಗುವ ಹಂತದಲ್ಲಿತ್ತು. ಮನೆಯಲ್ಲಿ ಕ್ಷಯವಿದೆ ಎಂದರೆ ಯಾರು ಹೆಣ್ಣು ಒಯ್ಯುತ್ತಾರೆ? ಅವ್ವ ನನ್ನ ಊಟದ ಸಾಮಾನು ಬೇರೆ ಇಟ್ಟಳು. ನನಗೆ ಸಿಟ್ಟು ಬಂತು. ಎರಡು ದಿನದ ಮೇಲೆ ಗಮನಿಸಿದೆ: ನನಗೆಂದು ಬೇರೆ ತೆಗೆದಿಟ್ಟದ್ದು ಮನೆಯಲ್ಲಿದ್ದ ಒಂದೇ ಒಂದು ಬೆಳ್ಳಿಯ ಲೋಟ, ಬೀಗರು ಬಂದಾಗ ಮಾತ್ರ ಹೊರಗೆ ಬರುತ್ತಿದ್ದದ್ದು.

ದವಾಖಾನೆ ಗದಗಿನಿಂದ ಕೆಲವು ಮೈಲಿ ದೂರ, ಬಯಲಿನಲ್ಲಿ. ಹೆಸರು ಬೇಡ. ಉದ್ದನೆಯ ವಾರ್ಡು, ಒಂದು ಬದಿಗೆ ಗೋಡೆಯೇ ಇಲ್ಲದ ಪಡಸಾಲೆ, ದೂರದಲ್ಲಿ ಕಪ್ಪತಗುಡ್ಡದ ನೀಲಿ ಗೆರೆ. ಹೋದ ಮೂರನೆಯ ದಿನ ಮತ್ತೆ ರಕ್ತ ಬಂತು, ಈ ಸಲ ಕರವಸ್ತ್ರದಲ್ಲಿ ಹಿಡಿಯುವಷ್ಟಲ್ಲ. ಡಾಕ್ಟರು ನನ್ನ ಮಾತನ್ನೇ ನಿಲ್ಲಿಸಿದರು. ಎರಡು ತಿಂಗಳು ಬಾಯಿ ತೆರೆಯಕೂಡದು. ನಗಬಾರದು, ಪಿಸುಗುಟ್ಟಲೂ ಬಾರದು. ನರ್ಸಬಾಯಿ ಒಂದು ಪಾಟಿ, ಒಂದು ಬಳಪ ತಂದುಕೊಟ್ಟಳು. ಜೀವಮಾನವಿಡೀ ಹುಡುಗರ ಪಾಟಿ ತಿದ್ದಿದ ಮಾಸ್ತರನಿಗೆ ಇದು ತಕ್ಕದ್ದೇ ಎಂದು ಆಗ ಅನಿಸಿತು. ಜೀವಮಾನವಿಡೀ ಎಂದೆನಲ್ಲ, ಆಗ ನನಗೆ ಇಪ್ಪತ್ತಾರು ವರ್ಷ.

ಮಾತು ನಿಂತಾಗ ಭಯ ದೊಡ್ಡದಾಗುತ್ತದೆ. ಇದನ್ನು ಆ ತರುಣ ಶಿಕ್ಷಕರಿಗೆ ಮುಂಚೆಯೇ ಹೇಳಬೇಕು. ವಾರ್ಡಿನಲ್ಲಿ ಯಾರಾದರೂ ಕೆಮ್ಮಿದರೆ ಉಳಿದ ಅಷ್ಟೂ ಮಂದಿ ಉಸಿರು ಹಿಡಿದು, ಮುಂದೇನು ಸದ್ದು ಬರುತ್ತದೆ ಎಂದು ಕೇಳುತ್ತಿದ್ದೆವು.

ನನ್ನ ಪಕ್ಕದ ಹಾಸಿಗೆಯಲ್ಲಿ ಈರಪ್ಪನಿದ್ದ. ಮುಂಡರಗಿಯ ಆಚೆ, ತುಂಗಭದ್ರೆಯ ದಂಡೆಯ ಹಳ್ಳಿಯವನು. ನನಗಿಂತ ಆರೇಳು ವರ್ಷ ದೊಡ್ಡವನಿರಬೇಕು. ಒಕ್ಕಲುತನದ ಮನೆಯವನಾದರೂ ಹೊಲ ಬಿಟ್ಟು ಟೂರಿಂಗ್ ಟಾಕೀಸಿನಲ್ಲಿ ಪಿಕ್ಚರ್ ತೋರಿಸುವ ಮಷೀನು ನಡೆಸುವವನಾಗಿದ್ದ. ಲಕ್ಷ್ಮೇಶ್ವರದಲ್ಲಿ ಎರಡು ತಿಂಗಳು, ಶಿರಹಟ್ಟಿಯಲ್ಲಿ ಒಂದು, ಮುಂಡರಗಿಯಲ್ಲಿ ಎರಡು, ಹೀಗೆ ಡೇರೆ ಎತ್ತಿಕೊಂಡು ತಿರುಗುವ ಕೆಲಸ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮೊದಮೊದಲು ಕೇಳುತ್ತಿದ್ದದ್ದು ಅವನ ಗುನುಗು ಮಾತ್ರ. ಮಧ್ಯಾಹ್ನದ ವಿಶ್ರಾಂತಿಯ ಹೊತ್ತಿನಲ್ಲಿ ಮಗ್ಗುಲಾಗಿ ಮಲಗಿ ಯಾವುದೋ ಹಾಡಿನ ರಾಗ ಗುನುಗುತ್ತಿದ್ದ. ಒಂದು ಕಡೆ ಬಂದಾಗ ಥಟ್ಟನೆ ನಿಲ್ಲಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಅಲ್ಲಿಂದಲೇ ಹಿಡಿಯುತ್ತಿದ್ದ.

ಆ ರಾಗ ನನಗೆ ಗೊತ್ತಿತ್ತು. ಕಾಲೇಜಿನ ರಜೆಯಲ್ಲಿ ಲಕ್ಷ್ಮೇಶ್ವರದ ಸೋದರಮಾವನ ಮನೆಗೆ ಹೋದಾಗ ಡೇರೆಯಲ್ಲಿ ನೋಡಿದ ಒಂದು ಹಿಂದಿ ಪಿಕ್ಚರಿನದು. ಅದರ ನಿಜವಾದ ಹೆಸರನ್ನು ನಮ್ಮ ಕಡೆ ಯಾರೂ ಹೇಳುತ್ತಿರಲಿಲ್ಲ. ಎಲ್ಲರಿಗೂ ಅದು ದೋಣಿ ಪಿಕ್ಚರು. ಪಿಕ್ಚರುಗಳನ್ನು ಹಗುರಾಗಿ ಕಾಣುತ್ತಿದ್ದ ನಾನು ಅದೊಂದನ್ನು ಮಾತ್ರ ಮೂರು ಸಲ ನೋಡಿದ್ದೆ. ಇದನ್ನು ಧಾರವಾಡದ ಗೆಳೆಯರಿಗೆ ಎಂದೂ ಹೇಳಿರಲಿಲ್ಲ.

ಪಾಟಿಯ ಮೇಲೆ ಬರೆದು ಅವನ ಕಡೆ ತಿರುಗಿಸಿದೆ. ಅವನು ಕಣ್ಣು ಕಿರಿದು ಮಾಡಿ, ಜಾಹೀರಾತಿನ ಬೋರ್ಡಿನ ಅಕ್ಷರ ಆದ್ರ ಓದ್ತೀನ್ರಿ ಮಾಸ್ತರ, ಈ ಇರುವಿ ಸಾಲು ನನಗ ಬರಂಗಿಲ್ಲ ಎಂದ. ಅಳಿಸಿ, ಪಾಟಿ ತುಂಬ ಎರಡೇ ಶಬ್ದ ಬರೆದೆ: ದೋಣಿ ಪಿಕ್ಚರು?

ಈರಪ್ಪ ಎದ್ದೇ ಕೂತುಬಿಟ್ಟ. ಏಳಬಾರದ ಹೊತ್ತು ಅದು. ನರ್ಸಬಾಯಿ ಅಲ್ಲಿಂದಲೇ ಗದರಿದಳು. ಮಲಗಿ, ಗೋಡೆಯ ಕಡೆ ಮುಖ ಮಾಡಿಕೊಂಡ. ಅಳುತ್ತಿದ್ದನೋ ನಗುತ್ತಿದ್ದನೋ ನನಗೆ ಕಾಣಲಿಲ್ಲ.

ಮರುದಿನದಿಂದ ಸುರುವಾಯಿತು. ವಿಶ್ರಾಂತಿಯ ಗಂಟೆ ಮುಗಿದ ಮೇಲೆ ದಿನಕ್ಕೊಂದು ರೀಲಿನಂತೆ ಅವನು ಪಿಕ್ಚರು ಹೇಳುತ್ತಿದ್ದ. ಡೇರೆಯಲ್ಲಿ ಮಷೀನು ಒಂದೇ, ಒಂದೊಂದು ರೀಲು ಮುಗಿದಾಗಲೂ ದೀಪ ಹಾಕಿ ಮುಂದಿನದನ್ನು ಏರಿಸಬೇಕು. ಅವನ ಗುನುಗು ನಡುವೆ ನಿಲ್ಲುತ್ತಿದ್ದದ್ದು ಅದಕ್ಕೇ. ಅವನು ಕತೆಯನ್ನಷ್ಟೇ ಹೇಳುತ್ತಿರಲಿಲ್ಲ. ಎಲ್ಲಿ ಪಟ್ಟಿ ಹರಿದಿದೆ, ಎಲ್ಲಿ ಅಂಟು ಹಾಕಿದ್ದಾನೆ, ಎಲ್ಲಿ ಜನ ಸೀಟಿ ಹೊಡೆಯುತ್ತಾರೆ, ಎಲ್ಲವೂ ಬರುತ್ತಿತ್ತು. ಮುಂಡರಗಿಯಲ್ಲಿ ಮಾತ್ರ ಜನ ದೋಣಿ ನೋಡಿ ನಗುತ್ತಿದ್ದರಂತೆ. ಹರಿಗೋಲಿನಲ್ಲಿ ಹೊಳೆ ದಾಟಿ ಆಚೆ ದಂಡೆಯ ಊರುಗಳಿಗೆ ಹೋಗಿಬರುವವರು ಅವರು. ನಾಯಕಿ ಹುಟ್ಟು ಹಿಡಿಯುವ ರೀತಿ ಅವರಿಗೆ ಸೇರಲಿಲ್ಲ. ಹಿಂಗ ಹುಟ್ಟು ಹಾಕಿದ್ರ ಆಕಿ ಇದ್ದಲ್ಲೇ ಇರತಾಳ ಎಂದು ಒಬ್ಬ ಅಜ್ಜ ಪರದೆಯ ಹತ್ತಿರ ಹೋಗಿ ಕಲಿಸಲು ನಿಂತಿದ್ದನಂತೆ. ನಾನು ನಗಬಾರದಿತ್ತು. ತುಟಿ ಕಚ್ಚಿಕೊಂಡೆ.

ಕತೆ ಇಷ್ಟು. ಅಪ್ಪ ಸತ್ತ ಮೇಲೆ ಮಗಳೊಬ್ಬಳು ದೋಣಿ ನಡೆಸುತ್ತಾಳೆ. ಊರಿಗೆ ಬಂದ ಮಾಸ್ತರನೊಬ್ಬ ದಿನಾ ಅವಳ ದೋಣಿಯಲ್ಲಿ ಆಚೆ ದಂಡೆಯ ಶಾಲೆಗೆ ಹೋಗುತ್ತಾನೆ. ಆಚೆ ಊರಿಗೆ ಬೇನೆ ಬರುತ್ತದೆ, ಹೊಳೆಗೆ ಮಹಾಪೂರ ಬರುತ್ತದೆ. ಔಷಧದ ಪೆಟ್ಟಿಗೆ ಒಯ್ಯಲು ಯಾರೂ ಮುಂದೆ ಬಾರದಿದ್ದಾಗ ಅವಳು ತನ್ನ ಬೆಳ್ಳಿಯ ಕಡಗ ಬಿಚ್ಚಿ ಹೊಳೆಗೆ ಅರ್ಪಿಸಿ ದೋಣಿ ಇಳಿಸುತ್ತಾಳೆ. ಊರು ಉಳಿಯುತ್ತದೆ. ತಿರುಗಿ ಬರುವಾಗ ದೋಣಿ ಬರುತ್ತದೆ, ಅವಳಿರುವುದಿಲ್ಲ. ಮಾಸ್ತರ ದಂಡೆಯ ಮೇಲೆ ಖಾಲಿ ದೋಣಿಯನ್ನು ಹಿಡಿದುಕೊಂಡು ನಿಲ್ಲುತ್ತಾನೆ. ಆಮೇಲೆ ಕೊನೆಯ ರೀಲು. ಬಿಸಿಲು, ತಿಳಿಯಾದ ಹೊಳೆ, ಅವಳು ಹುಟ್ಟು ಹಾಕುತ್ತ ಹಾಡುತ್ತಾಳೆ, ಅವನೂ ಹಾಕಲು ಹೋಗಿ ದೋಣಿ ಗಿರಗಿರನೆ ತಿರುಗುತ್ತದೆ, ಅವಳು ನಗುತ್ತಾಳೆ. ಎಲ್ಲಿಯೋ ದಡ ಸೇರಿ ಬದುಕಿ ಬಂದಿದ್ದಾಳೆ.

ಹೀಗೆ ನನಗೆ ನೆನಪಿತ್ತು. ಈರಪ್ಪನೂ ಹೀಗೆಯೇ ಹೇಳಿದ. ಕೊನೆಯ ರೀಲು ಮುಗಿದ ಮರುದಿನ ಮತ್ತೆ ಮೊದಲನೆಯದರಿಂದ ಹಿಡಿದ. ವಾರ್ಡಿನ ಆಚೆ ತುದಿಯವರೂ ಕಿವಿಗೊಟ್ಟು ಕೇಳತೊಡಗಿದರು. ಕೆಮ್ಮು ಬಂದವನು ದಿಂಬಿನಲ್ಲಿ ಮುಖ ಒತ್ತಿಕೊಂಡು ಕೆಮ್ಮುತ್ತಿದ್ದ, ಉಳಿದವರಿಗೆ ಕತೆ ತಪ್ಪಬಾರದೆಂದು.

ಪ್ರತಿ ಬುಧವಾರ ನನಗೆ ಗಾಳಿ ಹಾಕುತ್ತಿದ್ದರು. ಪಕ್ಕೆಗಳ ನಡುವೆ ಸೂಜಿ ಚುಚ್ಚಿ ಗಾಳಿ ತುಂಬಿದರೆ ರೋಗದ ಪುಪ್ಪುಸ ಮುದುಡಿ ವಿಶ್ರಾಂತಿ ಪಡೆಯುತ್ತದೆ, ಒಳಗಿನ ಕುಳಿ ಮುಚ್ಚುತ್ತದೆ ಎಂಬ ಲೆಕ್ಕ. ನನ್ನದು ಮುದುಡಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರು ಹಾಸಿಗೆಯ ಅಂಚಿನಲ್ಲಿ ಕೂತು ಹೇಳಿದರು: ಉಳಿದದ್ದು ಒಂದೇ ದಾರಿ. ಮಿರಜಿಗೆ ಹೋಗಿ ಎಡಗಡೆಯ ಪಕ್ಕೆಲುಬು ತೆಗೆಸಬೇಕು. ಎರಡು ಸಲ ಕೊಯ್ಯಬೇಕಾಗುತ್ತದೆ. ಪೂರ್ತಿ ನಿದ್ದೆ ಬರಿಸುವುದಿಲ್ಲ, ಆ ಜಾಗ ಮಾತ್ರ ಮರಗಟ್ಟಿಸುತ್ತಾರೆ, ಎಚ್ಚರವಾಗಿಯೇ ಇರಬೇಕು. ಹದಿನೈದು ದಿನದಲ್ಲಿ ಸಹಿ ಮಾಡಿದರೆ ಹೆಸರು ಕಳಿಸುತ್ತೇನೆ.

ಮಾತಾಡಲು ಆಗ ಅಪ್ಪಣೆ ಸಿಕ್ಕಿತ್ತು. ಎಷ್ಟು ಮಂದಿಯಲ್ಲಿ ಎಷ್ಟು ಮಂದಿ ತಿರುಗಿ ಬರುತ್ತಾರೆ ಎಂದು ಕೇಳಿದೆ. ಡಾಕ್ಟರು ಸುಳ್ಳು ಹೇಳಲಿಲ್ಲ. ಬಹಳ ಮಂದಿ ಬಂದಾರ, ಎಲ್ಲಾರೂ ಬಂದಿಲ್ಲ ಎಂದರು. ತೆಗೆಸದಿದ್ದರೆ? ತೆಗೆಸದಿದ್ದರೆ ಎಷ್ಟು ದಿನ ಎಂದು ಹೇಳುವುದು ಕಷ್ಟ ಎಂದು ಎದ್ದುಹೋದರು. ಸಹಿಯ ಕಾಗದ ದಿಂಬಿನ ಕೆಳಗೆ ಉಳಿಯಿತು.

ನಾನು ಸಹಿ ಮಾಡುವುದಿಲ್ಲ ಎಂದು ಈರಪ್ಪನಿಗೆ ಹೇಳಿದೆ. ಖಾತ್ರಿ ಇಲ್ಲದ ಕೆಲಸಕ್ಕೆ ಎಚ್ಚರವಾಗಿದ್ದುಕೊಂಡು ಎಲುಬು ಕತ್ತರಿಸಿಕೊಳ್ಳುವುದು ಬುದ್ಧಿವಂತರ ಲಕ್ಷಣವಲ್ಲ ಎಂದು ಒಂದಿಷ್ಟು ವಾದವನ್ನೂ ಮಂಡಿಸಿದೆ. ಎಲ್ಲ ಕೇಳಿ ಅವನು ಹೇಳಿದ:

"ನನಗ ಹೋಗಂತ ಅಂದಿದ್ರ ಇವತ್ತ ಹೊಂಟಿದ್ದೆ ನೋಡ್ರಿ ಮಾಸ್ತರ. ನಂದು ಎರಡೂ ಕಡೆ ಐತಿ. ಎರಡೂ ಕಡೆ ಎಲುಬು ತಗದ್ರ ಮನಿಶಾ ನಿಂದ್ರೂದು ಹೆಂಗ? ನಿಮಗ ಬಾಗಲಾ ಐತಿ. ಅದು ಚಂದ ಐತೋ ಇಲ್ಲೋ ಅಂತ ಕುಂತೀರಿ."

ಆದರೂ ಸಹಿ ಮಾಡಲಿಲ್ಲ. ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು. ಆ ದಿನಗಳಲ್ಲಿ ಹಗಲಿನಲ್ಲಿ ಕಣ್ಣು ಮುಚ್ಚಿದಾಗ ನಾನು ನೋಡುತ್ತಿದ್ದದ್ದು ಆ ಖಾಲಿ ದೋಣಿಯನ್ನು, ಮತ್ತು ಅದರ ನಂತರದ ಬಿಸಿಲನ್ನು. ಖಾಲಿ ದೋಣಿ ಬಂದ ಮೇಲೂ ಅವಳು ಬಂದಳಲ್ಲ ಎಂದುಕೊಳ್ಳುತ್ತಿದ್ದೆ. ಒಂದು ದಿನ ಕಾಗದವನ್ನು ಹೊರಗೆ ತೆಗೆದು ಬಿಡಿಸಿಯೂ ನೋಡಿದೆ.

ಆ ರವಿವಾರ ತಂಗಿ ಶಾಂತಾ ಗದಗಿನ ಚಿಕ್ಕಪ್ಪನ ಜೊತೆ ಬಂದಳು. ಪಡಸಾಲೆಯ ಮೆಟ್ಟಿಲ ಕೆಳಗೆ ನಿಂತು ಮಾತಾಡಬೇಕು, ಹತ್ತಿರ ಬರುವಂತಿಲ್ಲ. ಲಗ್ನದ ಮಾತು ಮುರಿದಿತ್ತು. ಅವರಿಗೆ ಹೇಗೋ ತಿಳಿದಿತ್ತು. ಅದನ್ನು ಅವಳು ಹೇಳಲಿಲ್ಲ, ಚಿಕ್ಕಪ್ಪ ಹೇಳಿದರು. ಅವಳು ಮಾತು ತಿರುಗಿಸಿ, ಗದಗಿನ ಟಾಕೀಸಿಗೆ ದೋಣಿ ಪಿಕ್ಚರು ಮತ್ತೆ ಬಂದಿದೆ, ನೀನು ಆಗ ಹೊಗಳುತ್ತಿದ್ದೆಯಲ್ಲ ಎಂದು ಹೋಗಿ ನೋಡಿ ಬಂದೆ ಎಂದಳು.

"ಯಾಕ ಅಷ್ಟು ಛಲೋ ಐತಿ ಅಂದಿದ್ದೆಣ್ಣಾ? ಅತ್ತು ಅತ್ತು ಸಾಕಾತು. ಕಡೀಗೆ ಆಕಿ ಮುಳುಗಿ ಸತ್ತ ಹೋಗತಾಳಲ್ಲ."

ಇಲ್ಲ, ಬದುಕಿ ಬರುತ್ತಾಳೆ ಎಂದೆ. ಅವಳು ತಲೆ ಅಲ್ಲಾಡಿಸಿದಳು. ಖಾಲಿ ದೋಣಿ ಬಂದದ್ದೇ ದೀಪ ಹತ್ತಿತು, ಜನ ಎದ್ದರು. ಹಾಡು? ಹಾಡು ನಡುವೆಯೇ ಆಗಿಹೋಯಿತು. ಚಿಕ್ಕಪ್ಪನೂ ಹೌದೆಂದರು.

ಅವರು ಹೋದ ಮೇಲೆ ನಾನು ಹಾಸಿಗೆಗೆ ಬಂದು ಮಲಗಿದೆ. ಇದು ಚಿಕ್ಕ ಸಂಗತಿ ಎಂದು ಓದುವವರಿಗೆ ಅನಿಸಬಹುದು. ನನಗೆ ಹಾಗಿರಲಿಲ್ಲ. ಮೂರು ಸಲ ಕಣ್ಣಾರೆ ನೋಡಿದ್ದು ಸುಳ್ಳಾದರೆ ನನ್ನಲ್ಲಿ ನಂಬತಕ್ಕದ್ದು ಏನು ಉಳಿಯಿತು? ಜ್ವರ ಪುಪ್ಪುಸದಿಂದ ತಲೆಗೆ ಏರಿದೆಯೇ? ಆಮೇಲೆ, ಮೆಲ್ಲಗೆ, ಕಡಗ ನೆನಪಾಯಿತು. ಪೂರ ಬಂದಾಗ ಅವಳು ಕಡಗ ಬಿಚ್ಚಿ ಹೊಳೆಗೆ ಹಾಕಿದ್ದಳು. ಕೊನೆಯ ರೀಲಿನಲ್ಲಿ ಹುಟ್ಟು ಹಾಕುವ ಕೈಯಲ್ಲಿ ಅದೇ ಕಡಗವಿತ್ತು. ಲಕ್ಷ್ಮೇಶ್ವರದಲ್ಲಿಯೇ ಇದನ್ನು ಗಮನಿಸಿ, ಪಿಕ್ಚರ್ ತೆಗೆದವರ ಅಲಕ್ಷ್ಯ ಎಂದು ಮಾವನ ಮಗನ ಮುಂದೆ ಜಂಬ ಕೊಚ್ಚಿದ್ದೆ. ನನ್ನ ನೆನಪು ತಪ್ಪಿರಲಿಲ್ಲ. ನಾನು ನೋಡಿದ್ದೇ ಬೇರೆ.

ಈರಪ್ಪನಿಗೆ ಅಷ್ಟರಲ್ಲಿ ಕಿವಿ ಮಂದವಾಗುತ್ತಿತ್ತು. ದಿನಾ ಕೊಡುತ್ತಿದ್ದ ಇಂಜೆಕ್ಷನ್ನು ಕೆಲವರಿಗೆ ಹಾಗೆ ಮಾಡುತ್ತಿತ್ತು. ಬಲಗಿವಿ ಹೋಗಿತ್ತು, ಎಡಗಿವಿಯಲ್ಲಿ ಯಾವಾಗಲೂ ಡೇರೆಯ ಎಂಜಿನ್ನು ನಡೆದಂತೆ ಸದ್ದಂತೆ. ಹಾಗಾಗಿ ಪಾಟಿ ಮತ್ತೆ ಹೊರಬಂತು. ದೊಡ್ಡ ಅಕ್ಷರದಲ್ಲಿ ಬರೆದೆ: ಕಡಗ ಹೆಂಗ ಬಂತು?

ಅವನು ಅಕ್ಷರ ಕೂಡಿಸಿ ಓದಿದ. ಆಮೇಲೆ ಹೇಳಿದ ಕತೆ ಇದು.

ಆ ಪಿಕ್ಚರು ಮೊದಲು ಬಂದದ್ದು ಲಕ್ಷ್ಮೇಶ್ವರಕ್ಕೆ, ಬೇಸಿಗೆಯಲ್ಲಿ. ಮೊದಲ ದಿನ ಪಿಕ್ಚರು ಬಿಟ್ಟ ಮೇಲೆ ಹೆಣ್ಣುಮಕ್ಕಳು ಮನೆಗೆ ಹೋಗಿ ಸುಮ್ಮನೆ ಮಲಗಲಿಲ್ಲ. ಸಾವು ನೋಡಿ ಬಂದವರು ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಕಾಲಿಡುವುದು ಹೇಗೆ, ಕೂಸುಗಳನ್ನು ಮುಟ್ಟುವುದು ಹೇಗೆ? ಹಿತ್ತಲಲ್ಲಿ ನಿಂತು ಕೊಡಗಟ್ಟಲೆ ಸುರಿದುಕೊಂಡರು. ಒಂದು ಮನೆಯವರು ಮಾಡಿದ್ದು ನೋಡಿ ಮತ್ತೊಂದು ಮನೆಯವರು ಮಾಡಿದರು. ಪರದೆಯ ಮೇಲಿನ ಸಾವಿಗೆ ಮೈಲಿಗೆ ಇಲ್ಲವೆಂದು ಹೇಳಲು ಯಾರಿಗೂ ಧೈರ್ಯವಾಗಲಿಲ್ಲ. ಆ ಬೇಸಿಗೆಯಲ್ಲಿ ಬಾವಿಯ ತಳ ಕಾಣುತ್ತಿತ್ತು. ಮೂರನೆಯ ದಿನ ಓಣಿಯ ಹಿರಿಯರು ಡೇರೆಗೆ ಬಂದು, ನಿಮ್ಮ ಪಿಕ್ಚರಿನಿಂದ ಊರಿನ ನೀರು ಮುಗಿಯಲಿಕ್ಕೆ ಬಂತು, ಒಂದೋ ಅವಳನ್ನು ಬದುಕಿಸಿರಿ, ಇಲ್ಲವೇ ಡೇರೆ ಕೀಳಿರಿ ಎಂದರು. ಮಾಲಕ ಈರಪ್ಪನ ಕಡೆ ನೋಡಿದ.

ಹಾಡಿದ್ದದ್ದು ಐದನೆಯ ರೀಲಿನಲ್ಲಿ. ಅದು ಪೂರ ಬರುವುದಕ್ಕೆ ಮೊದಲು, ಅವರಿಬ್ಬರೂ ಸುಖವಾಗಿದ್ದಾಗಿನದು. ಅವತ್ತು ನಾಲ್ಕು ಆದ ಮೇಲೆ ಆರು ಏರಿಸಿದ. ಖಾಲಿ ದೋಣಿ ಬಂದ ಮೇಲೆ ಐದನೆಯದನ್ನು ಹಾಕಿದ. ಜನ ಡೇರೆ ಹರಿಯುವಂತೆ ಸೀಟಿ ಹೊಡೆದರು. ಅವತ್ತು ಯಾರೂ ಜಳಕ ಮಾಡಲಿಲ್ಲ. ಶಿರಹಟ್ಟಿ, ಮುಂಡರಗಿ, ಎಲ್ಲ ಕಡೆಯೂ ಹಾಗೆಯೇ ತೋರಿಸಿದ.

ನನಗೆ ಸಿಟ್ಟು ಬಂದಿತ್ತು. ಪಾಟಿ ಬಿಟ್ಟು ಅವನ ಎಡಗಿವಿಯ ಹತ್ತಿರ ಹೋಗಿ, ನೀನು ಅಷ್ಟೂ ಮಂದಿಗೆ ಸುಳ್ಳು ತೋರಿಸಿದೆ, ನನಗೂ ಇಷ್ಟು ದಿನ ಸುಳ್ಳು ಹೇಳಿದೆ ಎಂದೆ.

ಈರಪ್ಪ ಸಿಟ್ಟಾಗಲಿಲ್ಲ. "ಸುಳ್ಳು ಹೆಂಗ ಆಕ್ಕೈತ್ರಿ? ಆಕಿ ಸತ್ತದ್ದನ್ನ ನಾ ತಗದಿಲ್ಲ. ಖಾಲಿ ದೋಣಿ ತೋರಿಸೇನಿ. ಐದನೇ ರೀಲು ನಾ ಮನ್ಯಾಗ ಮಾಡಿದ್ದಲ್ಲ, ಅದೂ ಅದ ಪಿಕ್ಚರಿಂದು. ಆಕಿ ನಕ್ಕದ್ದು ಖರೇನ ನಕ್ಕಾಳ. ಮಂದಿ ಕಡೀಗೆ ಯಾವದು ನೋಡಿ ಮನಿಗೆ ಹೋಗಬೇಕು ಅನ್ನೂದಷ್ಟ ನನ್ನ ಕೈಯಾಗಿತ್ತು."

ಕಂಬಳಿ ಎಳೆದುಕೊಂಡು ಮತ್ತೆ ಹೇಳಿದ. "ಆಕಿ ಬದಕ್ತಾಳಂತ ನಂಬಿ ನೀವು ಮಿರಜಿಗೆ ಹೋಗೂದಿದ್ರ ಬ್ಯಾಡ್ರಿ. ಆಕಿ ಬದಕಂಗಿಲ್ಲ. ಆದ್ರೂ ದೋಣಿ ಹತ್ತಿದ್ಲಲ್ಲ? ಆಕಿಗೇನು ಯಾರರ ಖಾತ್ರಿ ಬರದ ಕೊಟ್ಟಿದ್ರೇನು?"

ಧಾರವಾಡದಲ್ಲಿ ನಾಲ್ಕು ವರ್ಷ ಓದಿದ ತರ್ಕದಲ್ಲಿ ಈ ಮಾತಿಗೆ ಖಂಡನೆ ಹುಡುಕಿದೆ. ಮರುದಿನವೂ ಹುಡುಕಿದೆ. ಹದಿನೈದು ದಿನಗಳಲ್ಲಿ ಹದಿಮೂರು ಕಳೆದಿದ್ದವು. ಹದಿನಾಲ್ಕನೆಯ ದಿನ, ಬೆಳಗಿನ ಹಾಲಿನ ಗಾಡಿ ಬಂದ ಹೊತ್ತಿಗೆ, ಆ ಪಾಟಿಯನ್ನೇ ಅಡಿಗೆ ಇಟ್ಟುಕೊಂಡು ಕಾಗದಕ್ಕೆ ಸಹಿ ಮಾಡಿದೆ. ಬದುಕುತ್ತೇನೆ ಎಂಬ ನಂಬಿಕೆಯಿಂದಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಧೈರ್ಯ ಬರುವವರೆಗೆ ಕಾಯುತ್ತ ಕೂತವರು ನನ್ನಂತೆ ಬಹಳ ಮಂದಿ ಇರಬಹುದು. ಧೈರ್ಯವೇನೂ ಬಂದಿರಲಿಲ್ಲ.

ಹೊರಡುವ ದಿನ ಈರಪ್ಪ ಒಂದೇ ಮಾತು ಹೇಳಿದ. ಮೇಜಿನ ಮೇಲೆ ಮಲಗಿಸಿದ ಕೂಡಲೇ ಒಂದನೆಯ ರೀಲು ಹಚ್ಚಬೇಕು. ಅವಸರ ಮಾಡಬಾರದು. ರೀಲು ಮುಗಿದಾಗ ನಿಲ್ಲಿಸಿ ಉಸಿರು ತೆಗೆದುಕೊಂಡು ಮುಂದಿನದನ್ನು ಏರಿಸಬೇಕು.

"ಮತ್ತ ನಾಲ್ಕ ಆದಮ್ಯಾಗ ಆರು ಹಾಕ್ರಿ. ಮರೀಬ್ಯಾಡ್ರಿ."

ಮಿರಜಿನ ಆ ಎರಡು ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ನೋವು ನಾನು ಹೆದರಿದಷ್ಟು ಇರಲಿಲ್ಲ. ಸದ್ದು ಹೆದರಿದ್ದಕ್ಕಿಂತ ಹೆಚ್ಚಿತ್ತು. ಮುಖದ ಮುಂದೆ ಬಿಳಿಯ ಬಟ್ಟೆಯೊಂದನ್ನು ಪರದೆಯಂತೆ ಕಟ್ಟಿದ್ದರು. ಮೊದಲ ಸಲ ಒಂಬತ್ತನೆಯ ರೀಲಿನವರೆಗೆ ಬಂದದ್ದು ನೆನಪಿದೆ. ಎರಡನೆಯ ಸಲ ಖಾಲಿ ದೋಣಿ ದಂಡೆಗೆ ಬಂದದ್ದು ನೆನಪಿದೆ. ಆಮೇಲೆ ಬಿಸಿಲು ಬಂತೋ, ಇಲ್ಲ ಅಷ್ಟರಲ್ಲಿ ಪ್ರಜ್ಞೆ ತಪ್ಪಿತೋ, ನನಗೆ ಗೊತ್ತಿಲ್ಲ. ಕೇಳಿದವರಿಗೆಲ್ಲ ಬಿಸಿಲು ಬಂತು ಎಂದೇ ಹೇಳಿದ್ದೇನೆ.

ಕಣ್ಣು ತೆರೆದಾಗ ಅಪ್ಪ ಕೂತಿದ್ದರು. ಅವರು ಇಪ್ಪತ್ತು ವರ್ಷ ಕಾದ ದಿನ ಬಂದದ್ದು ನಾನು ಮಿರಜಿನಲ್ಲಿದ್ದಾಗ. ನವೆಂಬರ ಒಂದರಂದು ಶಿರಹಟ್ಟಿಯಲ್ಲಿ ಮೆರವಣಿಗೆ, ಮನೆಮನೆಗೆ ದೀಪ. ಅಪ್ಪ ಭಾಷಣ ಮಾಡಬೇಕಿತ್ತು. ಅವರು ಆ ದಿನ ನನ್ನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಬೆಳ್ಳಿಯ ಲೋಟದಲ್ಲಿ ಹಾಲು ಆರಿಸುತ್ತಿದ್ದರು. ಪುಣೆಯ ಸುಳ್ಳಿನ ಬಗ್ಗೆ ಅವರೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಮೆರವಣಿಗೆ ಬಿಟ್ಟು ಯಾಕೆ ಬಂದಿರಿ ಎಂದೆ. ನಾಡು ಎಲ್ಲಿ ಹೊಕ್ಕೈತಿ, ನಾಳೆ ಹೋದ್ರೂ ಅಲ್ಲೇ ಇರತೈತಿ ಎಂದರು. ನಾನು ಮಿರಜಿಗೆ ಹೋದಾಗ ಅದೂ ನಮ್ಮೂರೂ ಒಂದೇ ರಾಜ್ಯದಲ್ಲಿದ್ದವು. ತಿರುಗಿ ಬಂದಾಗ ಬೇರೆ ರಾಜ್ಯಕ್ಕೆ ಬಂದೆ.

ದವಾಖಾನೆಗೆ ಮರಳಿದಾಗ ಸಂಕ್ರಮಣ ಹತ್ತಿರವಿತ್ತು. ಎಡಭುಜ ಕುಸಿದು ಅಂಗಿ ಒಂದು ಕಡೆ ಜೋತುಬಿದ್ದಿತ್ತು. ಈರಪ್ಪನಿಗೆ ಅದನ್ನು ತೋರಿಸಿ ನಗಬೇಕೆಂದಿದ್ದೆ. ಅವನ ಹಾಸಿಗೆಯಲ್ಲಿ ಕೋಟುಮಚಗಿಯ ಒಬ್ಬ ಹುಡುಗನಂಥ ಮನುಷ್ಯ ಮಲಗಿದ್ದ. ನರ್ಸಬಾಯಿ ನನ್ನನ್ನು ಪಡಸಾಲೆಗೆ ಕರೆದೊಯ್ದು ಕೂರಿಸಿ ಹೇಳಿದಳು. ಈರಪ್ಪ ತೀರಿಕೊಂಡು ಮೂರು ವಾರವಾಗಿತ್ತು. ಕೊನೆಕೊನೆಗೆ ಏನೂ ಕೇಳುತ್ತಿರಲಿಲ್ಲ. ಹೆಂಡತಿ, ಅಣ್ಣ ಬಂದು ಊರಿಗೆ ಒಯ್ದರು. ನನ್ನ ಮೊದಲ ಆಪರೇಷನ್ನು ಆಯಿತೆಂಬ ಕಾಗದ ಬಂದಾಗ ಅವಳು ಅದನ್ನು ಪಾಟಿಯ ಮೇಲೆ ದೊಡ್ಡದಾಗಿ ಬರೆದು ತೋರಿಸಿದ್ದಳಂತೆ. ಅವನು ಓದಿ, ಬೆರಳಿನಿಂದ ಗಾಳಿಯಲ್ಲಿ ಚಕ್ರ ಬರೆದು ತೋರಿಸಿದನಂತೆ. ಅದೇನೆಂದು ಅವಳಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ರೀಲು ನಡೆದಿದೆ.

ನೀರು ಕಾಸಿ ಕೊಡಲೇ, ಮೈ ಒರೆಸಿಕೊಳ್ಳುತ್ತೀರಾ ಎಂದು ಅವಳು ಕೇಳಿದಳು. ಪದ್ಧತಿ ಬಲ್ಲವಳು. ಬೇಡ ಎಂದೆ. ನನಗೆ ಮೈಲಿಗೆಯಲ್ಲಿ ನಂಬಿಕೆ ಇಲ್ಲ, ಆದರೆ ಬೇಡವೆಂದದ್ದು ಅದಕ್ಕಲ್ಲ.

ಇನ್ನೊಂದು ರೀಲು ಉಳಿದಿದೆ. ಇದು ನಡೆದದ್ದು ನಾನು ಮಿರಜಿಗೆ ಹೊರಡುವುದಕ್ಕೆ ನಾಲ್ಕೈದು ದಿನ ಮೊದಲು. ದಿನ ಯಾವುದೆಂದು ಆಣೆ ಮಾಡಿ ಹೇಳಲಾರೆ, ಆದರೆ ಅದನ್ನು ತೆಗೆದು ಕೊನೆಯಲ್ಲಿ ಇಡುತ್ತಿರುವುದು ನಾನೇ.

ವಿಶ್ರಾಂತಿಯ ಗಂಟೆ ಮುಗಿದು ಪಡಸಾಲೆಗೆ ಬಿಸಿಲು ಬಂದಿತ್ತು. ಈರಪ್ಪ ಕಂಬಕ್ಕೆ ಒರಗಿ ಕೂತಿದ್ದ, ಕಾಲ ಮೇಲೆ ಕಂಬಳಿ. ಕಿವಿಯೊಳಗಿನ ಎಂಜಿನ್ನಿನ ಸದ್ದಿನಲ್ಲಿ ಹಾಡಿನ ರಾಗ ಮರೆಯುತ್ತಿದೆ, ಎಲ್ಲ ರೀಲೂ ಕಾಣುತ್ತದೆ, ಐದನೆಯದು ಮಾತ್ರ ಮೂಕಾಗಿದೆ ಎಂದ. ನಾನು ಜೀವನದಲ್ಲಿ ಹಾಡಿದವನಲ್ಲ. ಡಾಕ್ಟರು ಮಾತಿಗೆ ಅಪ್ಪಣೆ ಕೊಟ್ಟಿದ್ದರು, ಹಾಡಿಗೆ ಕೊಟ್ಟಿರಲಿಲ್ಲ. ಅವನ ಪಕ್ಕ ಕೂತು, ಎಡಗಿವಿಗೆ ಬಾಯಿ ಹಚ್ಚಿ, ಆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದೆ. ಗೊತ್ತಿಲ್ಲದ ಹಿಂದಿ ಶಬ್ದಗಳ ಕಡೆ ಲಾಲಾ ಎಂದೆ. ಎರಡು ಸಲ ಉಸಿರು ಸಾಲದೆ ನಿಲ್ಲಿಸಿದೆ. ಅವನು ಕಣ್ಣು ಮುಚ್ಚಿ ಕೈಯಲ್ಲಿ ಇಲ್ಲದ ಹುಟ್ಟು ಹಿಡಿದು, ಮುಂಡರಗಿಯವರು ಹಾಕುವ ಹಾಗೆ, ಸರಿಯಾಗಿ ಹಾಕುತ್ತಿದ್ದ. ವಾರ್ಡಿನಲ್ಲಿ ಯಾರೋ ಮೆಲ್ಲಗೆ ಸೀಟಿ ಹೊಡೆದರು.

ಮುಗಿದ ಮೇಲೆ ಕಣ್ಣು ತೆರೆದು ನನ್ನನ್ನು ನೋಡಿದ.

"ರಾಗ ಪೂರಾ ಕೆಡಿಸಿದ್ರಿ ಮಾಸ್ತರ" ಎಂದ. "ಆದ್ರ ರೀಲು ಅದ ಐತಿ."